ಮಲ್ಲಿಗೆ ಬಳ್ಳಿಯ ಹಲಗೆ, ಬಿಳಿ ಲೇಪ ಮತ್ತು ಚಿನ್ನದ ರೇಕು

ಕಳೆದ ಆಷಾಢದಲ್ಲಿ ಮುಗಿಸಿದ ಹಲಗೆಯೊಂದು ಈಗ ನಮ್ಮ ನಡುಮನೆಯ ಗೋಡೆಯ ಮೇಲಿದೆ. ಒಂದೂವರೆ ಅಡಿ ಎತ್ತರದ ಶಿವನಿ ಮರದಲ್ಲಿ ಮಲ್ಲಿಗೆಯ ಬಳ್ಳಿಯನ್ನು ಉಬ್ಬಾಗಿ ಕೆತ್ತಿ, ಅದಕ್ಕೆ ಗೆಸ್ಸೊ ಎಂಬ, ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪ ಕೊಟ್ಟು, ಬಳ್ಳಿಗೂ ಎಲೆಗಳಿಗೂ ಚಿನ್ನದ ರೇಕು ಹಚ್ಚಿ, ಹೂಗಳನ್ನು ಲೇಪದ ಬಿಳುಪಿನಲ್ಲಿಯೇ ಉಳಿಸಿದ್ದೇನೆ. ನೋಡಿದವರು ಮೊದಲು ಕೇಳುವುದು ಚಿನ್ನಕ್ಕೆ ಎಷ್ಟಾಯಿತು ಎಂದು. ರೇಕಿನ ದಪ್ಪ ಒಂದು ಮಿಲಿಮೀಟರಿನ ಸುಮಾರು 10,000ನೇ ಒಂದು ಭಾಗ. ಅಷ್ಟು ತೆಳುವಾದ ಚಿನ್ನ ತನ್ನ ಕೆಳಗಿನ ಒಂದು ಗೀರನ್ನೂ ಮರೆಮಾಡಲಾರದು. ಆದ್ದರಿಂದ ನನ್ನ ಮೂರು ತಿಂಗಳ ಶ್ರಮದಲ್ಲಿ ಬಹುಪಾಲು ಸಂದದ್ದು ಆ ಬಿಳಿ ಲೇಪಕ್ಕೆ.

ಗೆಸ್ಸೊ ಎಂಬ ಹೆಸರು ಇಟಲಿಯದಾದರೂ ಕೆಲಸ ನಮಗೆ ಹೊಸದಲ್ಲ. ಮೈಸೂರು ಶೈಲಿಯ ಚಿತ್ರಕಾರರು ಸಫೇದವೆಂಬ ಬಿಳಿ ಬಣ್ಣದ ಪುಡಿಯನ್ನು ಅರೇಬಿಕ್ ಗೋಂದಿನೊಂದಿಗೆ ನಯವಾಗಿ ಅರೆದು, ದೇವರ ಕಿರೀಟ, ಒಡವೆ, ಸೆರಗಿನ ಅಂಚುಗಳನ್ನು ಅದರಿಂದ ಉಬ್ಬಿಸಿ, ಮೇಲೆ ರೇಕು ಹಚ್ಚುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ನಡುವೆ ಹರಳುಗಳೂ ಸೇರುತ್ತವೆ. ಮೈಸೂರಿನದು ಎಷ್ಟು ಮಿತವೆಂದರೆ, ಜಗನ್ಮೋಹನ ಅರಮನೆಯಲ್ಲಿ ಚಿತ್ರದ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿದಾಗಲೇ ಅದು ಕಣ್ಣಿಗೆ ಬೀಳುತ್ತದೆ. ನನ್ನ ಮನಸ್ಸು ಒಲಿಯುವುದು ಈ ಮಿತಕ್ಕೇ. ಕೆತ್ತಿದ ಮರಕ್ಕೆ ಲೇಪ ಕೊಡುವುದನ್ನು ನೋಡಬೇಕಾದರೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಕೆಲಸವನ್ನು ನೋಡಬೇಕು. ಅವರು ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು, ಸೆಣಬಿನ ನಾರಿನ ಪುಡಿ ಸೇರಿಸಿ ಕಿಟ್ಟವೆಂಬ ಮುದ್ದೆ ಮಾಡಿ ಗೊಂಬೆಯ ಮೈಯನ್ನು ತಿದ್ದುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಒಡವೆಗಳನ್ನು ಎಬ್ಬಿಸುತ್ತಾರೆ.

ನಾನು ಹಿಡಿದದ್ದು ಯುರೋಪಿನ ಚೌಕಟ್ಟುಗಾರರ ದಾರಿ: ಮೊಲದ ಚರ್ಮದಿಂದ ತೆಗೆದ ಅಂಟು ಮತ್ತು ಸೀಮೆಸುಣ್ಣದ ನಯವಾದ ಪುಡಿ. ಅಂಟನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಬೇಕು. ಕುದಿಯಿತೆಂದರೆ ಅದರ ಬಲ ಹೋಯಿತು. ನನ್ನ ಮೊದಲ ಹಲಗೆ ಕೆಟ್ಟದ್ದು ಇನ್ನೊಂದು ಕಾರಣದಿಂದ. ಲೇಪದ ಪಾತ್ರೆಯನ್ನು ಗಂಟೆಗಟ್ಟಲೆ ಬಿಸಿಯಲ್ಲಿಟ್ಟಾಗ ನೀರು ಆರಿ ಅಂಟು ಗಟ್ಟಿಯಾಗುತ್ತಾ ಹೋಗಿತ್ತು. ಮೇಲಿನ ಪದರಗಳು ಕೆಳಗಿನವುಗಳಿಗಿಂತ ಬಲವಾಗಿ, ಒಣಗುವಾಗ ಅವನ್ನು ಎಳೆದುಕೊಂಡವು. ಮಾರನೆಯ ದಿನ ಎಲೆಯ ಮಡಿಕೆಗಳಲ್ಲೆಲ್ಲ ಕೂದಲೆಳೆಯ ಬಿರುಕು. ಎಲ್ಲವನ್ನೂ ಬಿಸಿನೀರಿನಲ್ಲಿ ನೆನೆಸಿ ಕೆರೆದು ತೆಗೆದೆ.

ಆರು ಶತಮಾನಗಳ ಹಿಂದೆ ಇಟಲಿಯ ಚೆನ್ನಿನೋ ಚೆನ್ನಿನಿ ಎಂಬ ಚಿತ್ರಕಾರ ಚಪ್ಪಟೆ ಹಲಗೆಗೆ ಎಂಟು ಪದರವಾದರೂ ಬೇಕೆಂದೂ, ಎಲೆಬಳ್ಳಿಯ ಉಬ್ಬುಗಳಿಗೆ ಅದಕ್ಕಿಂತ ಕಡಿಮೆ ಸಾಕೆಂದೂ ಬರೆದಿದ್ದಾನೆ. ಪದರ ಏರಿದಂತೆ ಕೆತ್ತನೆ ಮುಚ್ಚಿಹೋಗುವುದೇ ಅದಕ್ಕೆ ಕಾರಣವಿರಬೇಕು. ಮರದಲ್ಲಿ ಉಳಿಯ ಮೊನೆಯಿಂದ ತೆಗೆದ ಎಲೆಯ ನರಗಳು ಆರನೆಯ ಪದರದ ಹೊತ್ತಿಗೆ ಹಿಮ ಬಿದ್ದಂತೆ ಮೊಂಡಾಗಿದ್ದವು. ಲೇಪ ಒಣಗಿದ ಮೇಲೆ ಸಣ್ಣ ಕೊಕ್ಕೆಯ ಉಳಿಗಳಿಂದ ಅವನ್ನೇ ಮತ್ತೆ ತೋಡಬೇಕು. ಈ ಎರಡನೆಯ ಕೆತ್ತನೆ ನನಗೆ ಎಲ್ಲಕ್ಕಿಂತ ಪ್ರಿಯವಾದ ಘಟ್ಟ. ಮರದಲ್ಲಿ ಎಳೆಯ ದಿಕ್ಕನ್ನು ಕೇಳಿಯೇ ಉಳಿ ನಡೆಯಬೇಕು. ಲೇಪದಲ್ಲಿ ಎಳೆಯೇ ಇಲ್ಲ, ಒಣಗಿದ ಬೆಣ್ಣೆಯಂತೆ ಯಾವ ಕಡೆಗೆ ಎಳೆದರೂ ಗೆರೆ ಬರುತ್ತದೆ. ಮರದಲ್ಲಿ ಮುರಿದುಹೋಗುವಷ್ಟು ತೆಳುವಾದ ಎಸಳಿನ ಅಂಚು ಇಲ್ಲಿ ನಿಲ್ಲುತ್ತದೆ.

ಈಗ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಅಕ್ರಿಲಿಕ್ ಗೆಸ್ಸೊ ಕ್ಯಾನ್ವಾಸಿಗೆ ಒಳ್ಳೆಯದೇ, ಆದರೆ ಈ ಕೆಲಸಕ್ಕೆ ಬಾರದು. ಅದು ನೀರು ಹೀರದು, ಕಲ್ಲಿನಿಂದ ಉಜ್ಜಿದರೆ ಹೊಳಪೂ ಏರದು. ಚಿನ್ನದ ಬಣ್ಣದ ಹಿತ್ತಾಳೆ ರೇಕು ಕೆಲವೇ ವರ್ಷಗಳಲ್ಲಿ ಕಪ್ಪಿಡುತ್ತದೆ. ಅದನ್ನು ಚಿನ್ನವೆಂದು ಹೇಳಿ ಮಾರುವುದು ನನಗೆ ಬಹಳ ನೋವಿನ ವಿಷಯ.

ಲೇಪದ ಮೇಲೆ ಬೋಲ್ ಎಂಬ ಕೆಂಪು ಜೇಡಿಮಣ್ಣನ್ನು ಅಂಟಿನ ನೀರಿನಲ್ಲಿ ಕದಡಿ ನಾಲ್ಕು ಬಾರಿ ಬಳಿದೆ. ಚಿನ್ನಕ್ಕೆ ಬಿಸುಪು ಬರುವುದೂ, ಉಜ್ಜುವಾಗ ಕೆಳಗೆ ಮೆತ್ತಗಿನ ಆಸರೆ ಸಿಗುವುದೂ ಈ ಮಣ್ಣಿನಿಂದಲೇ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಅಳಿಲಿನ ಕೂದಲಿನ ಅಗಲ ಕುಂಚವನ್ನು ಕೆನ್ನೆಗೊಮ್ಮೆ ಸವರಿ ರೇಕನ್ನು ಎತ್ತಬೇಕು; ಚರ್ಮದ ಜಿಡ್ಡಿನ ಲವಲೇಶ ಅಂಟಿದರೆ ಸಾಕು, ರೇಕು ಕುಂಚಕ್ಕೆ ಹಿಡಿಯುತ್ತದೆ. ನೀರು ಸವರಿದ ಕೆಂಪಿನ ಹತ್ತಿರಕ್ಕೆ ತಂದೊಡನೆ ಅದು ತಾನಾಗಿಯೇ ಹಾರಿ ಕೂರುತ್ತದೆ, ಎಲೆಯ ನರನರಕ್ಕೂ ಇಳಿಯುತ್ತದೆ.

ಚೆನ್ನಿನಿ ರೇಕು ಹಚ್ಚಲು ತೇವದ ಹವೆಯೇ ಲೇಸು ಎನ್ನುತ್ತಾನೆ, ಹಾಗಾಗಿ ಆಷಾಢದ ಜಡಿಮಳೆ ನನಗೆ ಒದಗಿಬಂತು. ಆದರೆ ಒಣಗುವುದು ತಡವಾಯಿತು. ರೇಕನ್ನು ಉಜ್ಜಿ ಹೊಳಪು ತರುವ ಅಗೇಟ್ ಕಲ್ಲಿನ ತುದಿಯಿಂದ ಎಲೆಯನ್ನು ಮೆಲ್ಲನೆ ತಟ್ಟಿದಾಗ ಮಂಕಾದ ಸದ್ದು ಬಂದರೆ ಒಳಗೆ ಇನ್ನೂ ಹಸಿಯಿದೆ ಎಂದರ್ಥ. ಆಗ ಉಜ್ಜಿದರೆ ರೇಕು ಕಿತ್ತುಬರುತ್ತದೆ. ಮಧ್ಯಾಹ್ನ ತಟ್ಟಿದೆ, ಸಂಜೆ ತಟ್ಟಿದೆ, ಸದ್ದು ಮಂಕಾಗಿಯೇ ಇತ್ತು. ರಾತ್ರಿ ಊಟದ ಪಾತ್ರೆಗಳನ್ನು ತೊಳೆದಿಟ್ಟು ಬಂದು ಮತ್ತೊಮ್ಮೆ ತಟ್ಟಿದಾಗ ಗಾಜಿಗೆ ಉಗುರು ತಾಗಿದಂತೆ ಟಿಕ್ ಎಂದಿತು; ದೀಪವನ್ನು ಹತ್ತಿರಕ್ಕೆಳೆದುಕೊಂಡು ಮೊದಲ ಎಲೆಯನ್ನು ಉಜ್ಜತೊಡಗಿದೆ.