ಲೇತ್ ಮೇಷ್ಟ್ರು ಎಳೆದ ಚಾಕ್‌ಪೀಸ್ ಗೆರೆ

ನಮ್ಮ ಪಾಲಿಟೆಕ್ನಿಕ್‌ನಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಲೋಹದ ತುಂಡನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರದ ಪಾಠ ಹೇಳುತ್ತಿದ್ದ ಅವರು ಎಲ್ಲರಿಗೂ ಲೇತ್ ಮೇಷ್ಟ್ರು. ಹೋದ ತಿಂಗಳು ತೀರಿಕೊಂಡರು. ಮೂರು ವರ್ಷ ಓದಿದ ಪಾಠಗಳಲ್ಲಿ ಮುಕ್ಕಾಲು ಮರೆತಿದ್ದೇನೆ. ಅವರ ವರ್ಕ್‌ಶಾಪ್ ಮಾತ್ರ ಮರೆತಿಲ್ಲ.

ಖಾಕಿ ಅಂಗಿ, ಜೇಬಿನಲ್ಲಿ ಥ್ರೆಡ್ ಅಳೆಯುವ ಪಿಚ್ ಗೇಜ್, ಕಿವಿ ಮೇಲೆ ಚಾಕ್‌ಪೀಸ್ ತುಂಡು. ಲೇತ್‌ಗಳೆಲ್ಲ ಹರಿಹರದ ಮೈಸೂರು ಕಿರ್ಲೋಸ್ಕರ್‌ನವು. ದಿನಾ ಸಂಜೆ ಅವನ್ನು ಒರೆಸಿ ಎಣ್ಣೆ ಹಚ್ಚದೆ ನಮ್ಮನ್ನು ಮನೆಗೆ ಬಿಡುತ್ತಿರಲಿಲ್ಲ.

ಒಂದು ದಿನ ಎಂ20 (20 ಮಿ.ಮೀ. ದಪ್ಪದ) ಬೋಲ್ಟಿಗೆ ಥ್ರೆಡ್, ಅಂದರೆ ನಟ್ ಹತ್ತುವ ಸುರುಳಿ ಗೀರು, ಹಾಕುವ ಪ್ರಾಕ್ಟಿಕಲ್. ಪಿಚ್, ಅಂದರೆ ಒಂದು ಸುತ್ತಿಗೆ ಥ್ರೆಡ್ ಮುಂದೆ ಸಾಗುವ ದೂರ, 2.5 ಮಿ.ಮೀ. ಟೂಲನ್ನು ಎಳೆದೊಯ್ಯುವ ಲೇತ್‌ನ ಲೀಡ್ ಸ್ಕ್ರೂವಿನ ಪಿಚ್ 6 ಮಿ.ಮೀ. ಹಾಗಾಗಿ 50 ಮತ್ತು 120 ಹಲ್ಲಿನ ಗೇರ್ ಜೋಡಿಸಬೇಕು. ಮೇಷ್ಟ್ರು ಟೀಗೆ ಹೋದಾಗ ನಮ್ಮ ಹುಡುಗರು ರ‍್ಯಾಂಕ್ ಹುಡುಗನ ಲೇತ್‌ನಲ್ಲಿ 50ರ ಗೇರ್ ಬಿಚ್ಚಿ 40ರದ್ದು ಕೂರಿಸಿಬಿಟ್ಟರು. ಪಾಪ, ಅವನು ಬೆವರು ಸುರಿಸಿ ಥ್ರೆಡ್ ಹಾಕಿದ. ನಟ್ ಎರಡು ಸುತ್ತೂ ಹತ್ತಲಿಲ್ಲ. ಮೇಷ್ಟ್ರು ಬಂದವರೇ ಬೋಲ್ಟಿಗೆ ಪಿಚ್ ಗೇಜ್ ಹಿಡಿದರು. ಗೇರ್ ಕವರ್ ಮುಟ್ಟಲೇ ಇಲ್ಲ. "2 ಬಂದಿದೆ. 50ರ ಗೇರ್ ಎಲ್ಲಿ ಬಚ್ಚಿಟ್ಟಿದೀರೋ, ತೆಗೀರಿ!" ಅಂದರು.

ಶಿಕ್ಷೆ ಇಡೀ ಬ್ಯಾಚಿಗೆ. ಸರಿಯಾದ ಗೇರ್ ಹಾಕಿಸಿ, ಕರೆಂಟ್ ತೆಗೆಸಿ, ಬೋಲ್ಟನ್ನು ಹಿಡಿದು ತಿರುಗಿಸುವ ಚಕ್ ಮೇಲೆ ಚಾಕ್‌ಪೀಸಿನಿಂದ ಒಂದು ಗೆರೆ ಎಳೆದರು. ಕೈಯಿಂದ ಚಕ್ ತಿರುಗಿಸಿ, ಟೂಲ್ ಹೊತ್ತ ಕ್ಯಾರೇಜ್ ಎಷ್ಟು ಸರಿಯುತ್ತೆ ಅಂತ ಅಳೆಯಬೇಕು. 10 ಸುತ್ತಿಗೆ 25 ಮಿ.ಮೀ. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿಸಿದೆವು. "ಥ್ರೆಡ್ ಒಂದೇ ಸಲಕ್ಕೆ ಆಗಲ್ಲ, ಅದೇ ದಾರೀಲಿ ಹತ್ತಾರು ಸಲ ಹೋಗಬೇಕು. ಪ್ರತಿ ಸಲ ಈ ಗೆರೆ ಒಂದೇ ಜಾಗದಲ್ಲಿ ಇದ್ದಾಗಲೇ ಟೂಲ್ ಹೊರಡಬೇಕು. ಇಲ್ಲಾಂದ್ರೆ ಹಳೇ ಥ್ರೆಡ್ ಕೊಚ್ಚಿಹಾಕುತ್ತೆ," ಅಂದರು.

ಆ ಗೆರೆಯೇ ಮುಂದೆ ನನಗೆ ಅನ್ನ ಕೊಟ್ಟಿತು. ಪೀಣ್ಯದಲ್ಲಿ ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್, ಕೆಲಸಕ್ಕೆ ಸೇರಿದಾಗ ಅಲ್ಲಿ ಜೋಡಿಸಲು ಗೇರೂ ಇಲ್ಲ, ಕ್ಯಾರೇಜನ್ನು ಲೀಡ್ ಸ್ಕ್ರೂಗೆ ಕಚ್ಚಿಸುವ ಹಾಫ್ ನಟ್ಟೂ ಇಲ್ಲ. ಚಕ್ ತಿರುಗಿಸುವ ಸ್ಪಿಂಡಲ್ ಜೊತೆ ತಿರುಗುವ ಎನ್‌ಕೋಡರ್ ಎಂಬ ಸೆನ್ಸರ್ ಸುತ್ತಿಗೆ 1024 ಪಲ್ಸ್ ಕೊಡುತ್ತೆ. ಮೆಷಿನ್ನಿನ ಕಂಟ್ರೋಲ್ ಅದನ್ನು ಎಣಿಸಿ ಝಡ್ ಆಕ್ಸಿಸ್, ಅಂದರೆ ಬೋಲ್ಟಿನ ಉದ್ದಕ್ಕೆ ಟೂಲ್, ಓಡಿಸುತ್ತೆ. ಅದರ ಜೊತೆಗೆ ಸುತ್ತಿಗೊಂದೇ ಬರುವ ಮಾರ್ಕರ್ ಪಲ್ಸ್ ಬೇರೆ. ಅದು ಬಂದ ಮೇಲೇ ಥ್ರೆಡ್ಡಿಂಗ್ ಶುರು. ಮೇಷ್ಟ್ರ ಗೆರೆ ಅಂದರೆ ಇದೇ ಅಲ್ವಾ?

ಒಮ್ಮೆ ರಾತ್ರಿ ಪಾಳಿಯಲ್ಲಿ ಒಂದು ಮೆಷಿನ್ ಕೈಕೊಟ್ಟಿತು. ಫೇಸಿಂಗ್, ಟರ್ನಿಂಗ್ ಎಲ್ಲ ಸರಿ. ಥ್ರೆಡ್ ಹಾಕುವ ಆಜ್ಞೆ ಜಿ76 ಬಂದ ಕೂಡಲೇ ಸ್ಪಿಂಡಲ್ ತಿರುಗುತ್ತಲೇ ಇದೆ, ಟೂಲ್ ಮಾತ್ರ ಬೋಲ್ಟಿನ ಮುಂದೆ ನಿಂತುಬಿಡುತ್ತೆ. ಅಲಾರಂ ಕೂಡ ಇಲ್ಲ. ಹಿರಿಯರೆಲ್ಲ ಪ್ರೋಗ್ರಾಂ ತಿದ್ದುತ್ತಾ ಕೂತರು. ನಾನು ಯೋಚಿಸಿದೆ: ಟರ್ನಿಂಗ್‌ಗೆ ಎಣಿಕೆ ಸಾಕು, ಥ್ರೆಡ್ಡಿಗೆ ಗೆರೆಯೂ ಬೇಕು. ಎನ್‌ಕೋಡರ್ ಕನೆಕ್ಟರ್ ಬಿಚ್ಚಿಸಿದೆ. ಮಾರ್ಕರ್ ಸಿಗ್ನಲ್‌ನ ವೈರಿನ ಬೆಸುಗೆ ಬಿಟ್ಟಿತ್ತು. ಬೆಸೆದ ಮೇಲೆ ಮೊದಲ ಬೋಲ್ಟಿಗೇ ನಟ್ ಸಲೀಸಾಗಿ ಹತ್ತಿತು. ಅವತ್ತಿನಿಂದ ಥ್ರೆಡ್ ತಕರಾರು ಬಂದರೆ ನನ್ನನ್ನೇ ಕರೆಯುತ್ತಾರೆ. ಆ ಹೆಮ್ಮೆ ನನಗಿದೆ.

ಈಗ ಕೆಲಸ ಕೇಳಿ ಬರುವ ಹುಡುಗರಿಗೆ ನಾನೇ ಇಂಟರ್‌ವ್ಯೂ ಮಾಡುತ್ತೇನೆ. ಜಿ76 ಸಾಲು ಎಲ್ಲರಿಗೂ ಬಾಯಿಪಾಠ. ಥ್ರೆಡ್ಡಿಗೆ ಆರ್‌ಪಿಎಂ ಒಂದೇ ಇಡುವ ಜಿ97 ಯಾಕೆ, ಕಡೆಯುವ ವೇಗ ಒಂದೇ ಇಡುವ ಜಿ96 ಯಾಕೆ ಬೇಡ ಅಂದರೆ ಮಾತಿಲ್ಲ. ಜಿ96 ಹಾಕಿದರೆ ಟೂಲ್ ಒಳಗೆ ಹೋದಂತೆಲ್ಲ ಆರ್‌ಪಿಎಂ ಬದಲಾಗುತ್ತೆ. 600 ಆರ್‌ಪಿಎಂನಲ್ಲಿ 2.5 ಪಿಚ್ ಅಂದರೆ ಟೂಲ್ ನಿಮಿಷಕ್ಕೆ 1500 ಮಿ.ಮೀ. ಓಡಬೇಕು. ಆ ವೇಗ ಹತ್ತಲು ಅದಕ್ಕೆ ಒಂಚೂರು ಜಾಗ ಬೇಕು. ಅದಕ್ಕೇ ಎರಡು ಮೂರು ಪಿಚ್ ಹಿಂದಿನಿಂದ ಹೊರಡಿಸುತ್ತೇವೆ. ವೇಗ ಬದಲಾದರೆ ಟೂಲ್ ಓಡಿಸುವ ಸರ್ವೋ ಮೋಟಾರ್ ಹಿಂದೆ ಬೀಳುವ ಅಳತೆಯೂ ಬದಲಾಗಿ ಥ್ರೆಡ್ ಜಾರುತ್ತೆ. ಹುಡುಗರ ತಪ್ಪಲ್ಲ ಇದು. ಸಿಮ್ಯುಲೇಟರ್ ಪರದೆಯಲ್ಲಿ ಥ್ರೆಡ್ ಯಾವತ್ತೂ ಕೆಡಲ್ಲ. ಚಕ್ ಕೈಯಿಂದ ತಿರುಗಿಸಿದವರು ಅವರಲ್ಲಿ ಯಾರೂ ಸಿಗಲಿಲ್ಲ.

ಕಾಲೇಜಿಗೆ ಹೊಸ ಸಿಎನ್‌ಸಿ ಲ್ಯಾಬ್ ಬರುತ್ತಿದೆಯಂತೆ, ಸಂತೋಷ. ಜಾಗಕ್ಕಾಗಿ ಹಳೇ ಲೇತ್‌ಗಳನ್ನೆಲ್ಲ ಗುಜರಿಗೆ ಹಾಕಬೇಡಿ, ಒಂದಾದರೂ ಉಳಿಸಿ. ಬಿಚ್ಚಿ ತೋರಿಸಲು ಒಂದು ಹಳೇ ಎನ್‌ಕೋಡರ್ ನಾನು ತಂದುಕೊಡುತ್ತೇನೆ. ಒಂದು ಶನಿವಾರ ಬಂದು ಪಾಠ ಮಾಡಿ ಅಂದರೆ ಅದಕ್ಕೂ ಸಿದ್ಧ.