ಫೈಬರ್ ದೋಣಿ ಎಲ್ಲಿ ಒಡೆಯುತ್ತದೆ ಎಂದು ಮೊದಲೇ ಹೇಳಬಹುದಾ?

ನಾನು ಕಾಂಪೋಸಿಟ್ (ಎಳೆ ಮತ್ತು ಅಂಟು ಸೇರಿಸಿ ಮಾಡಿದ) ವಸ್ತುಗಳ ಸ್ಟ್ರೆಸ್, ಅಂದರೆ ಭಾರ ಬಿದ್ದಾಗ ಒಳಗೆ ಹುಟ್ಟುವ ಒತ್ತಡ, ಲೆಕ್ಕ ಹಾಕುವವನು ಎಂದು ಗೊತ್ತಾದರೆ ಸಾಕು, ಕಾರವಾರದ ಬೈತಖೋಲ ಬಂದರಿನಲ್ಲಿ ಇದೇ ಪ್ರಶ್ನೆ: "ಈ ಫೈಬರ್ ದೋಣಿ ಎಲ್ಲಿ ಒಡೀತದೆ, ಯಾವಾಗ ಒಡೀತದೆ ಅಂತ ಕಂಪ್ಯೂಟರಲ್ಲಿ ಮೊದಲೇ ಹೇಳ್ಲಿಕ್ಕೆ ಆಗ್ತದಾ?"

ಎಲ್ಲಿ, ಹೇಗೆ ಎಂದು ಸುಮಾರಾಗಿ ಹೇಳಬಹುದು. ಯಾವಾಗ ಎನ್ನುವುದೇ ಕಷ್ಟ.

ಉಕ್ಕಿಗೆ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಒಂದೇ ಬಲ. ಫೈಬರ್ ಹಾಗಲ್ಲ. ಶಿರಸಿ ಕಡೆಯ ಅಡಿಕೆ ದಬ್ಬೆ ನೋಡಿ: ಎಷ್ಟು ಎಳೆದರೂ ತುಂಡಾಗುವುದಿಲ್ಲ, ಕತ್ತಿ ತಾಗಿಸಿದರೆ ಉದ್ದಕ್ಕೆ ಸೀಳಿಹೋಗುತ್ತದೆ. ಗಾಜಿನ ಎಳೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿ ಎಪಾಕ್ಸಿ ರೆಸಿನ್ (ಗಟ್ಟಿಯಾಗುವ ಅಂಟು) ಹಾಕಿದ ಪದರ, ಎಳೆಯ ಉದ್ದಕ್ಕೆ (ಸ್ಟ್ರೆಸ್ ಅಳೆಯುವ ಮಾನದಲ್ಲಿ) 1100 ಮೆಗಾಪಾಸ್ಕಲ್‌ಗೂ ಜಾಸ್ತಿ ತಡೆಯಬಲ್ಲದು. ಅಡ್ಡಕ್ಕೆ ಎಳೆದರೆ 35-40ಕ್ಕೇ ಬಿರುಕು! ದೋಣಿಗೆ ಬಳಸುವ ಮ್ಯಾಟ್ ಎಂಬ ತುಂಡು ಎಳೆಗಳ ಹಾಸು, ನೇಯ್ದ ಎಳೆಕಟ್ಟುಗಳ ರೋವಿಂಗ್‌ನಲ್ಲಿ ಎಳೆಗಳು ಬೇರೆ ಬೇರೆ ದಿಕ್ಕಿಗಿರುತ್ತವೆ, ಆದರೂ ಒಂದೊಂದು ಎಳೆಕಟ್ಟಿನ ಸ್ವಭಾವ ಇದೇ.

ಹಾಗಾಗಿ ಒಂದೊಂದು ಪದರದಲ್ಲೂ ಎಳೆಯ ಉದ್ದಕ್ಕೆ ಎಷ್ಟು ಸ್ಟ್ರೆಸ್, ಅಡ್ಡಕ್ಕೆ ಎಷ್ಟು, ಜಾರಿಸುವ ಸ್ಟ್ರೆಸ್ ಎಷ್ಟು ಎಂದು ಬಿಡಿಬಿಡಿಯಾಗಿ ನೋಡಬೇಕು. ತ್ಸೈ, ವು ಎಂಬ ಇಬ್ಬರು ಸಂಶೋಧಕರ 1971ರ ಸೂತ್ರ ಇವನ್ನೆಲ್ಲ ಸೇರಿಸಿ ಒಂದೇ ಅಂಕಿ ಕೊಡುತ್ತದೆ. ಅದು 1 ಮುಟ್ಟಿದರೆ ಪದರ ಸೋತಿತು ಎಂದರ್ಥ. ಸುಲಭವೇನೋ ಹೌದು. ಆದರೆ ಬಿರುಕು ಬಿಟ್ಟಿದ್ದು ರೆಸಿನ್ನೋ, ತುಂಡಾಗಿದ್ದು ಎಳೆಯೋ ಎಂದು ಅದು ಹೇಳುವುದಿಲ್ಲ. 1980ರಲ್ಲಿ ಹಶಿನ್ ಎಂಬ ಸಂಶೋಧಕ ಕೊಟ್ಟ ವಿಧಾನ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ನನಗೆ ಅದೇ ಬೇಕು. ರೆಸಿನ್ ಬಿರುಕು ಬಿಟ್ಟರೆ ಭಾರ ಪಕ್ಕದ ಪದರಕ್ಕೆ ಹೋಗುತ್ತದೆ, ದೋಣಿ ಸಾಮಾನ್ಯವಾಗಿ ದಡ ಸೇರುತ್ತದೆ. ಎಳೆಗಳೇ ತುಂಡಾದರೆ ಆ ಭರವಸೆ ಇಲ್ಲ.

"ಯಾವಾಗ" ಕಷ್ಟವಾಗುವುದು ಬಿರುಕಿನ ನಂತರ. ಉಪ್ಪುನೀರು ಒಳಗೆ ಇಳಿದು ಎಳೆಗೂ ರೆಸಿನ್‌ಗೂ ಇರುವ ಹಿಡಿತ ಸಡಿಲಿಸುತ್ತದೆ. ಕೈಯಲ್ಲಿ ಹಚ್ಚಿದ ರೆಸಿನ್ ಎಲ್ಲ ಕಡೆ ಒಂದೇ ಸಮ ಇರುವುದೂ ಇಲ್ಲ.

ಎಂಜಿನ್ ಕೂರುವ ಜಾಗ, ಬೋಲ್ಟ್ ತೂತುಗಳು, ಅಂಚುಗಳು ನನಗೆ ಜಾಸ್ತಿ ಚಿಂತೆಯವು. ಸಾದಾ ಪದರ ಲೆಕ್ಕ ದಪ್ಪದ ದಿಕ್ಕಿನ ಸ್ಟ್ರೆಸ್ ಅನ್ನು ಸೊನ್ನೆ ಎಂದೇ ಹಿಡಿಯುತ್ತದೆ. ಅಂಚಿನಲ್ಲಿ ಅದು ಸೊನ್ನೆ ಇರುವುದಿಲ್ಲ, ಅಲ್ಲಿಂದಲೇ ಪದರಗಳು ಬಿಟ್ಟುಕೊಳ್ಳುತ್ತವೆ. ಅಲ್ಲಿಗೆ ಮೂರೂ ದಿಕ್ಕಿನ ಲೆಕ್ಕವೇ ಆಗಬೇಕು.

ಜೂನ್-ಜುಲೈ ಮೀನುಗಾರಿಕೆ ನಿಷೇಧದ ಹೊತ್ತಿಗೆ ದೋಣಿ ದಡದಲ್ಲಿರುವಾಗ ಬೋಲ್ಟ್ ಸುತ್ತ ನೋಡಿ. ಬಣ್ಣ ಇಲ್ಲದ ಒಳಮೈಯಲ್ಲಿ ಬಿಳಿ ಮಚ್ಚೆ ಕಂಡರೆ ಅದು ರೆಸಿನ್ ಬಿರುಕಿರಬಹುದು. ನಾಣ್ಯದಿಂದ ಬಡಿಯಿರಿ. ಟಣ್ ಅನ್ನುವ ಬದಲು ದಬ್ ಅಂದರೆ ಪದರ ಬಿಟ್ಟಿರುವ ಸಂಶಯ. ಆ ಜಾಗದ ಅಳತೆ, ದಪ್ಪ, ಎಂಜಿನ್ ತೂಕ ತಂದುಕೊಡಿ. ಎಷ್ಟು ಪದರ ಸೇರಿಸಬೇಕು, ರೋವಿಂಗ್ ಯಾವ ದಿಕ್ಕಿಗೆ ಹಾಕಬೇಕು ಎಂದು ಲೆಕ್ಕ ಮಾಡಿ ಹೇಳುತ್ತೇನೆ.