ಜಾತ್ರೆಗೆ ಪಟ್ಟಿ ಕೊಡುವ ಊರು ಕೆರೆಗೆ ಯಾಕೆ ಕೊಡುವುದಿಲ್ಲ?

ಗದಗ, ಹಾವೇರಿ ಕಡೆ ಕೆರೆ ಹೂಳೆತ್ತುವ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ: ‘ಜಾತ್ರೆಗೆ ಪಟ್ಟಿ ಎತ್ತಿದರೆ ಕೊಡುವ ಜನ, ಕೆರೆಗೆ ವಂತಿಗೆ ಅಂದರೆ ಯಾಕೆ ಹಿಂದೆ ಸರಿಯುತ್ತಾರೆ?’

ಜನಕ್ಕೆ ತಿಳಿವಳಿಕೆ ಇಲ್ಲ ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಜಾತ್ರೆಯಲ್ಲಿ ಕೊಟ್ಟವರೂ ಕೊಡದವರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಕೆರೆಯ ಹೂಳನ್ನು ಯಾರು ಉಣ್ಣುತ್ತಾರೆ, ಲೆಕ್ಕ ಹಾಕಿ ನೋಡಿ.

ಒಂದು ಎಕರೆಗೆ ಒಂದು ಇಂಚು ದಪ್ಪ ಹೂಳು ಹರಡಲು 3,630 ಘನ ಅಡಿ ಮಣ್ಣು ಬೇಕು. ಒಂದು ಬ್ರಾಸ್, ಅಂದರೆ 100 ಘನ ಅಡಿ ಹಿಡಿಯುವ ಟ್ರೇಲರಿನಲ್ಲಿ 36 ಟ್ರಿಪ್. ಜೆಸಿಬಿ ಖರ್ಚು ಹೂಳೆತ್ತುವ ಯೋಜನೆಯದಾದರೂ ಹೇರುವ ಖರ್ಚು ರೈತನ ತಲೆಗೇ. ಸ್ವಂತ ಟ್ರ್ಯಾಕ್ಟರ್ ಇದ್ದವರು ಹತ್ತೆಕರೆಗೆ ಹೊಡೆದುಕೊಳ್ಳುತ್ತಾರೆ, ಉಳಿದದ್ದು ಇಟ್ಟಂಗಿ ಭಟ್ಟಿಗೆ ಹೋಗುತ್ತದೆ. ಹೂಳು ನಿಜಕ್ಕೂ ಬೇಕಾದದ್ದು ನೀರು ಹಿಡಿಯದ ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಕ್ಕೆ. ಜಿಗುಟು ಮೊದಲೇ ಹೆಚ್ಚಿರುವ ಎರೆ ಹೊಲಕ್ಕೆ ಅದರಿಂದ ಹೇಳಿಕೊಳ್ಳುವ ಲಾಭವಿಲ್ಲ. ಎರಡೆಕರೆ ಮಸಾರಿಯವ ಏರಿಯ ಮೇಲೆ ನಿಂತು ಟ್ರೇಲರ್ ಎಣಿಸುತ್ತಾನೆ. ಅವನ ಹತ್ತಿರ ವಂತಿಗೆ ಕೇಳಿದರೆ ಏನು ಹೇಳಿಯಾನು?

ಹಾಗಾಗಿ ವಂತಿಗೆ ಮನೆಗಿಷ್ಟು ಅಂತ ಬೇಡ, ಟ್ರಿಪ್ಪಿಗಿಷ್ಟು ಅಂತಿರಲಿ. ಸಣ್ಣ ಹೊಲದವರ ಸರದಿ ಮೊದಲು, ಅವರು ನಾಲ್ಕೈದು ಮಂದಿ ಸೇರಿ ಒಂದು ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿಯಲಿ. ಪ್ರತಿ ಟ್ರಿಪ್ಪಿಗೆ ಚೀಟಿ; ಚೀಟಿ ಇಲ್ಲದ ಟ್ರೇಲರ್ ಏರಿ ದಾಟಬಾರದು. ಭಟ್ಟಿಯ ದಾರಿ ಮುಚ್ಚುವುದು ಅಲ್ಲೇ. ಭೂಮಿ ಇಲ್ಲದವರಿಂದ ರೊಕ್ಕ ಕೇಳಬೇಡಿ. ಬಳ್ಳಾರಿ ಜಾಲಿ ಕಡಿದ ಕಟ್ಟಿಗೆ, ಏರಿಗೆ ಕಲ್ಲು ಹೊಂದಿಸುವ ಕೂಲಿ, ಮುಂದೆ ಮೀನಿನಲ್ಲಿ ಪಾಲು ಅವರಿಗೆ ಸಲ್ಲಲಿ, ಅದೂ ಮೊದಲೇ ಬರೆದಿಟ್ಟು. 2001ರಲ್ಲಿ ಶುರುವಾದ ಸುಜಲ ಜಲಾನಯನ ಯೋಜನೆ ಧಾರವಾಡ, ಹಾವೇರಿಯಲ್ಲೂ ನಡೆಯಿತು; ಒಡ್ಡು, ಕೃಷಿಹೊಂಡಗಳಿಂದ ಹೊಲ ಇದ್ದವರಿಗಷ್ಟೇ ಲಾಭ ಎಂದು ಅದರಲ್ಲಿ ಭೂಹೀನರಿಗೆ ಬೇರೆ ಆದಾಯದ ಕೆಲಸಗಳನ್ನು ಸೇರಿಸಿದ್ದರು.

ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಕೂಲಿಯವರು ಬರುವುದಿಲ್ಲ. ಹೊಲದಿಂದ ತಿರುಗಿ ಬಂದ ಮೇಲೆ, ಓಣಿ ಓಣಿಯಲ್ಲಿ ಕರೆಯಿರಿ. ಹೆಣ್ಣುಮಕ್ಕಳು ಮಾತಾಡುವುದೂ ಅಲ್ಲೇ.

ಇನ್ನು ಕೆಲಸ. ನೀರು ತರುವ ಕಾಲುವೆಯ ಒತ್ತುವರಿ ಬಿಡಿಸದೆ ಕೆರೆಗೆ ಕೈ ಹಚ್ಚಬೇಡಿ, ಇಲ್ಲದಿದ್ದರೆ ಆಳವಾದ ಒಣ ತಗ್ಗು ಉಳಿಯುತ್ತದೆ. ಏರಿಯ ಬುಡಕ್ಕೆ ಹತ್ತಿ ಅಗೆದರೆ ಏರಿ ಜಾರುತ್ತದೆ. ಹೂಳಿನ ಕೆಳಗಿನ ಜಿಗುಟು ಮಣ್ಣು ಒಡೆದು ಗೊರಚು, ಅಂದರೆ ಹರಳುಗಲ್ಲಿನ ಸಡಿಲ ಮಣ್ಣು ಕಂಡಿತೆಂದರೆ ನೀರು ಇಂಗಿ ಹೋಗುತ್ತದೆ. ಬಾವಿಗಳಿಗೆ ಒಳ್ಳೆಯದೇ, ತೂಬಿನ ಕೆಳಗಿನ ಹೊಲಕ್ಕಲ್ಲ. ಯಾವುದು ಬೇಕೆಂದು ಎಂಜಿನಿಯರ್ ಒಬ್ಬರೇ ತೀರ್ಮಾನಿಸಬಾರದು. ಏರಿಯ ಜಾಲಿಯನ್ನು ಬೇರುಸಹಿತ ಕಿತ್ತು ಆ ತಗ್ಗಿಗೆ ಮಣ್ಣು ತುಂಬಿ ದಮ್ಮಸು ಮಾಡಿ; ಒಳಗೇ ಬಿಟ್ಟ ಬೇರು ಕೊಳೆತ ಜಾಗದಲ್ಲಿ ನೀರು ಜಿನುಗುತ್ತದೆ.

ಜೆಸಿಬಿ ಬಾಡಿಗೆ ತಾಸಿನ ಲೆಕ್ಕ. ಮೀಟರ್ ಓದು ಬೆಳಿಗ್ಗೆ, ಸಂಜೆ ಇಬ್ಬರ ಎದುರು ಬರೆದು, ಅದೇ ದಿನ ಗುಡಿ ಕಟ್ಟೆಯ ಹಲಗೆಗೆ ಏರಿಸಿ. ಖಾತೆಗೆ ಇಬ್ಬರ ಸಹಿ, ಅವರಲ್ಲಿ ಒಬ್ಬರು ಸಣ್ಣ ಹೊಲದವರು. 1905ರಲ್ಲಿ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಗದಗ ತಾಲೂಕಿನದೇ. ಲೆಕ್ಕ ಎದುರಿಗಿದ್ದರೆ ರೊಕ್ಕ ಕೂಡಿಸುವುದು ಈ ಸೀಮೆಗೆ ಹೊಸದೇನಲ್ಲ. ಬಂದದ್ದನ್ನೆಲ್ಲ ಅಗೆತಕ್ಕೇ ಸುರಿಯದೆ ಒಂದಷ್ಟು ಉಳಿಸಿಕೊಳ್ಳಿ, ಮೊದಲ ದೊಡ್ಡ ಮಳೆಗೆ ಕೋಡಿಯ ಕಲ್ಲು ಕಿತ್ತು ಬಂದರೆ ಆಗ ಪಟ್ಟಿ ಎತ್ತಲು ಪುರಸೊತ್ತಿರುವುದಿಲ್ಲ.